ಗಾಳಿ ಕಾಯುವ ದ್ಯಾಮೇಶ

“ಅವ್ವಾ, ದ್ಯಾಮೇಶ ಕಾಕಾ ದಿನಾ ನಿನ್ನ ಸೀರಿ ಯಾಕ ನೋಡ್ತಾನ?” ಎಂದು ಮಗಳು ಕೇಳಿದಾಗ ನೀಲಾಗೆ ನಗು ತಡೆಯಲಾಗಲಿಲ್ಲ. ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳು ಎಷ್ಟು ಕರೆಂಟು ಕೊಡುತ್ತಿವೆ ಎಂದು ಫೋನಿನಲ್ಲಿ ನೋಡುತ್ತ ಕಾಯುವುದೇ ಅವಳ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗಿರುವ ಈ ಇಂಜಿನಿಯರನ ನೌಕರಿ. ಗಾಳಿ ಜೋರಿದೆ ಎಂದು ಫೋನು ಹೇಳಿದರೆ ಅವನಿಗೆ ಸಾಲದು. ಮಾಳಿಗೆಯ ಹಗ್ಗದ ಮೇಲೆ ನೀಲಾಳ ಸೀರೆ ಹಾರುವುದನ್ನು ನೋಡಬೇಕು, ಆಮೇಲೆ ಗುಡ್ಡ ನೋಡಬೇಕು. ಸೀರೆ ಹಾರುತ್ತಿದ್ದು ಗುಡ್ಡದ ಫ್ಯಾನು ಮೆಲ್ಲಗೆ ತಿರುಗಿತೋ, ಕೈಯಲ್ಲಿದ್ದ ರೊಟ್ಟಿ ಬಿಟ್ಟು ಗಾಡಿ ಹತ್ತುತ್ತಾನೆ. “ನಿಂತ ಮ್ಯಾಲೆ ಯಾರ್ ಬೇಕಾದ್ರೂ ಹೇಳ್ತಾರ್ರಿ ಅಕ್ಕಾರ, ಮೆಲ್ಲಗಾದಾಗ ಹೋಗಬೇಕು” ಎಂಬುದು ಅವನ ಪಲ್ಲವಿ. ಹಿಟ್ಟಿನ ಗಿರಣಿಯ ಸದ್ದು ತುಸು ಬದಲಾದರೂ ಅವನ ಕಿವಿ ನಿಮಿರುತ್ತದೆ. ಓಣಿಯವರು ‘ಕಾಳಜಿ ಸಾಹೇಬ’ ಎಂದು ಹೆಸರಿಟ್ಟಿದ್ದಾರೆ; ಚೊಚ್ಚಲ ಹೆರಿಗೆಗೆ ಪುರ್ತಗೇರಿಯ ತವರಿಗೆ ಹೋಗಿರುವ ಹೆಂಡತಿಯೂ ಹಾಗೆಯೇ ಕರೆದು ನಗುತ್ತಾಳೆ. ಇಂದು ಮಾತ್ರ ಸೀರೆ ಹಗ್ಗ ಬಿಟ್ಟು ಹಾರಿದರೂ ಅವನು ಗುಡ್ಡದ ಕಡೆ ತಲೆಯೆತ್ತಲಿಲ್ಲ. ಹೆಂಡತಿ ಮಾತಾಡುತ್ತಿದ್ದ ಫೋನನ್ನು ನೀಲಾಳ ಮುಂದೆ ಹಿಡಿದ. “ಅಕ್ಕಾರ, ನಿನ್ನೆಯಿಂದ ಕೂಸು ಹೊಟ್ಯಾಗ ಮೊದಲಿನಂಗ ಹೊರಳವಲ್ದಂತ. ದವಾಖಾನಿಗೆ ಹೋಗು ಅಂದ್ರ ನನ್ನ ಮಾತಿಗೆ ನಗ್ತಾಳ್ರಿ. ನೀವು ಹಡದವ್ರು, ಲಗೂನ ಹೋಗಂತ ನೀವರ ಒಂದ್ ಮಾತು ಹೇಳ್ರಿ.”