ಎಡಗಡೆಯವಳು

ನನ್ನ ಗಂಡ ಹುಣಸೆಮರದಿಂದ ಬಿದ್ದ ದಿನ ನಮ್ಮ ಅತ್ತೆ ತೆಲುಗಿನಲ್ಲಿ ಒಂದು ಗಾದೆ ಹೇಳಿದರು. "ತಲಕಿ ವಚ್ಚಿಂದಿ ತಲಪಾಗಾತೋ ಪೋಯಿಂದಿ." ತಲೆಗೆ ಬಂದದ್ದು ರುಮಾಲಿನ ಜೊತೆ ಹೋಯಿತು ಎಂದು ಅದರ ಅರ್ಥ. ಶಿಡ್ಲಘಟ್ಟದ ಕಡೆಯ ನಮ್ಮ ಊರಿನಲ್ಲಿ ಕನ್ನಡದವರೂ ಕಷ್ಟ ಬಂದಾಗ ತೆಲುಗಿಗೆ ಹೊರಳುತ್ತಾರೆ. ನನ್ನ ಗಂಡನಿಗೆ ಮೂಳೆ ಮುರಿದಿರಲಿಲ್ಲ, ರಕ್ತ ಬಂದಿರಲಿಲ್ಲ, ಬಲಗಿವಿಯ ಮೇಲೆ ಊದಿಕೊಂಡಿತ್ತು ಅಷ್ಟೆ. ನೋಡಲು ಬಂದವರೆಲ್ಲ ಅದೇ ಗಾದೆ ಹೇಳಿ ಕಾಫಿ ಕುಡಿದು ಹೋದರು. ಅವತ್ತು ಅವರ ತಲೆಯ ಮೇಲೆ ರುಮಾಲೇ ಇರಲಿಲ್ಲ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಸಂಜೆಗೆ ವಾಂತಿ ಶುರುವಾಯಿತು, ಆಮೇಲೆ ಎಚ್ಚರ ತಪ್ಪಿತು. ಎತ್ತಿನ ಗಾಡಿಯಲ್ಲಿ ಚಿಕ್ಕಬಳ್ಳಾಪುರಕ್ಕೆ, ಅಲ್ಲಿಂದ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ತಲೆಯೊಳಗಿನ ಪೆಟ್ಟು ಎಂದರೆ ಒಂದೋ ಮನುಷ್ಯ ಹೋಗುತ್ತಾನೆ, ಇಲ್ಲವೇ ಉಳಿಯುತ್ತಾನೆ ಎಂದಷ್ಟೇ ನಮಗೆ ಗೊತ್ತಿತ್ತು. ನನ್ನ ಗಂಡ ಉಳಿದರು. ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ಆದರೆ ಎಲ್ಲರ ಗುರುತೂ ಇತ್ತು, ಮಾತು ಮೊದಲಿನ ಹಾಗೇ ಇತ್ತು. ಬಸ್ಸಿನಲ್ಲಿ ವಾಪಸ್ ಬರುವಾಗ ನನ್ನನ್ನು ರೇಗಿಸಿಯೂ ಬಿಟ್ಟರು. ನಾನು ಮನೆದೇವರಿಗೆ ಕಾಯಿ ಒಡೆಸಿದೆ.

ಮನೆಗೆ ಬಂದ ಮೊದಲ ಊಟಕ್ಕೆ ಮುದ್ದೆ, ಸೊಪ್ಪಿನ ಸಾರು ಬಡಿಸಿದೆ. ತಟ್ಟೆಯ ಬಲಭಾಗ ಖಾಲಿಯಾಯಿತು. ಎಡಭಾಗದಲ್ಲಿ ಅರ್ಧ ಮುದ್ದೆ, ಉಪ್ಪು, ಈರುಳ್ಳಿ ಇಟ್ಟದ್ದು ಇಟ್ಟ ಹಾಗೇ ಇತ್ತು. "ಇಷ್ಟೇನಾ? ಆಸ್ಪತ್ರೇಲೇ ವಾಸಿ, ಹೊಟ್ಟೆ ತುಂಬ ಹಾಕ್ತಿದ್ರು. ಉಪ್ಪೂ ಇಡ್ಲಿಲ್ವಲ್ಲೇ ನೀನು" ಎಂದು ಸಿಡುಕಿದರು. ನಾನು ತಮಾಷೆ ಎಂದುಕೊಂಡೆ. ತಮಾಷೆ ಆಗಿರಲಿಲ್ಲ. ಸುಮ್ಮನೆ ತಟ್ಟೆಯನ್ನು ತಿರುಗಿಸಿ ಇಟ್ಟೆ. "ಹಾಂ, ಈಗ ಬಡಿಸಿದ್ಯಾ" ಎಂದು ಉಳಿದ ಅರ್ಧವನ್ನೂ ಉಂಡರು.

ಮತ್ತೆ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿದೆ. ಕಣ್ಣು ಚೆನ್ನಾಗಿಯೇ ಇದೆ, ಎಡಗಡೆ ಅನ್ನೋದು ಒಂದಿದೆ ಎಂಬುದೇ ಅವರ ಮನಸ್ಸಿಗೆ ಹೊಳೆಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಬರುವುದಿದ್ದರೆ ಒಂದು ವರ್ಷದೊಳಗೆ ಬರುತ್ತದೆ ಎಂದೂ ಹೇಳಿದರು. ನಾನು ಆ ಒಂದು ವರ್ಷವನ್ನು ಸೆರಗಿನಲ್ಲಿ ಕಟ್ಟಿಕೊಂಡು ಊರಿಗೆ ಬಂದೆ. ಅಲ್ಲಿಂದ ನಾನು ಏನು ಕೊಟ್ಟರೂ ಬಲಗಡೆಯಿಂದ ಕೊಟ್ಟೆ, ಮಾತಾಡಿದರೆ ಬಲಗಡೆ ನಿಂತು ಮಾತಾಡಿದೆ, ರಾತ್ರಿ ಚಾಪೆಯನ್ನೂ ಬಲಗಡೆಗೆ ಹಾಸಿದೆ. ಎಡಗಡೆ ಹೋದರೆ ಅವರ ಪಾಲಿಗೆ ನಾನು ಇರುತ್ತಲೇ ಇರಲಿಲ್ಲ. ಅಲ್ಲಿಂದ ಕೂಗಿದರೂ ಬಲಕ್ಕೇ ತಿರುಗಿ ನನ್ನನ್ನು ಹುಡುಕುತ್ತಿದ್ದರು.

ನಮ್ಮದು ರೇಷ್ಮೆ ಹುಳ ಸಾಕುವ ಮನೆ. ಹುಳ ಮೇಯಿಸುವುದರಲ್ಲಿ ನನ್ನ ಗಂಡನ ಕೈ ಒಳ್ಳೆಯ ಕೈ ಎಂದು ಹೆಸರಿತ್ತು. ಅರ್ಧ ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವರೇ ಎದ್ದು, "ಈ ಸಲದ ಹುಳದ ಬೆಳೆ ನಾನೇ ನೋಡ್ಕೋತೀನಿ, ನೀನು ಸುಮ್ನೆ ಕೂತ್ಕೊ" ಎಂದರು. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಬೇರೆ ವಿಷಯಕ್ಕಾದರೆ ನನ್ನ ಬಾಯಿ ಬೊಂಬಾಯಿ. ಅವತ್ತು ಅವರು ಹಿಪ್ಪುನೇರಳೆ ಸೊಪ್ಪು ಹಿಡಿದು ಹುಳುಮನೆಗೆ ಹೋದ ನಡಿಗೆ ಮೊದಲಿನದೇ ಎನ್ನಿಸಿತು. ಒಳಗೆ ಹೋಗಿ ನೋಡಬಾರದು, ನೋಡಿದರೆ ದೃಷ್ಟಿಯಾಗುತ್ತದೆ ಎಂದು ಎರಡು ದಿನ ಅತ್ತ ತಲೆ ಹಾಕಲಿಲ್ಲ.

ಮೂರನೆಯ ದಿನ ಹೋದೆ. ಹುಳುಗಳನ್ನು ಬಿಟ್ಟ ದುಂಡನೆಯ ಬಿದಿರಿನ ತಟ್ಟೆಗಳು ಅಟ್ಟಣೆಯಲ್ಲಿ ಸಾಲಾಗಿದ್ದವು. ಒಂದೊಂದು ತಟ್ಟೆಯಲ್ಲೂ ಬಲಭಾಗದಲ್ಲಿ ಹಸಿರು ಸೊಪ್ಪು, ಅದರ ಮೇಲೆ ಬೆರಳುದ್ದದ ದಷ್ಟಪುಷ್ಟ ಹುಳ. ಎಡಭಾಗದಲ್ಲಿ ಒಣಗಿದ ಕಡ್ಡಿ, ಅದರ ಮೇಲೆ ಬಡಕಲು ಹುಳ. ಕೆಲವು ತಲೆ ಎತ್ತಿ ಹುಡುಕುತ್ತಿದ್ದವು, ಕೆಲವು ಸತ್ತಿದ್ದವು. ನನ್ನ ಗಂಡ ಪಕ್ಕದಲ್ಲೇ ನಿಂತು, "ಹೆಂಗ್ ಮೇಯ್ತಾವೆ ನೋಡೇ" ಎಂದರು. ಅಷ್ಟು ಸಂತೋಷದ ಮುಖವನ್ನು ಬಿದ್ದ ಮೇಲೆ ನಾನು ನೋಡಿರಲಿಲ್ಲ.

ಸುಮ್ಮನಿರಬೇಕಿತ್ತು. ಅಭ್ಯಾಸಬಲ, ಕೈ ತಾನಾಗಿ ಹೋಗಿ ತಟ್ಟೆಯನ್ನು ತಿರುಗಿಸಿತು. ಸತ್ತ ಹುಳುಗಳು ಅವರ ಬಲಕ್ಕೆ ಬಂದವು. ಅವರ ಮುಖ ಕಪ್ಪಿಟ್ಟಿತು. "ಯಾರೇ ಮಾಡಿದ್ದು ಇದನ್ನ? ಇವಕ್ಕೆ ಸೊಪ್ಪು ಹಾಕ್ದೆ ಸಾಯಿಸಿದ್ದು ಯಾರು?"

"ನಾನೇ. ಇವಕ್ಕೆ ಹಾಕೋದು ಮರೆತುಬಿಟ್ಟೆ" ಎಂದೆ.

ಬಾಯಿಗೆ ಬಂದ ಹಾಗೆ ಬೈದರು. ನನ್ನ ತವರಿನವರನ್ನೂ ಬಿಡಲಿಲ್ಲ. ಸತ್ತ ಹುಳುಗಳನ್ನು ತಿಪ್ಪೆಗೆ ಸುರಿದು ಬರುವಾಗ, ಇವರಿಗೆ ಇನ್ನು ವಾಸಿಯಾಗುವುದಿಲ್ಲ ಎಂದು ನನಗೆ ಖಚಿತವಾಯಿತು. ಆದರೂ ಡಾಕ್ಟರ ಮಾತಿನಲ್ಲಿ ಇನ್ನರ್ಧ ವರ್ಷ ಬಾಕಿಯಿತ್ತಲ್ಲ. ಮನಸ್ಸು ಭಂಡ, ಕಾಯುತ್ತಲೇ ಇತ್ತು.

ವರ್ಷ ತುಂಬಿದ ಮೇಲೆ ಚಿಂತಾಮಣಿಯಲ್ಲಿ ಮೈದುನನ ಮದುವೆ. ಮಾವನವರು ಇರಲಿಲ್ಲ, ಹಿರಿಯ ಮಗ ಸೊಸೆ ಎಂದು ನಾವಿಬ್ಬರೇ ಮಣೆಯ ಮೇಲೆ ಕೂರಬೇಕು. ನಾನು ರೂಢಿಯಂತೆ ಬಲಗಡೆ ಹೋಗಿ ಕೂತೆ. ಆರತಿಯ ಹೊತ್ತಿಗೆ ಪುರೋಹಿತರು, "ಎಡಕ್ಕೆ ಬನ್ನಿ ತಾಯಿ, ಹೆಂಡತಿ ಎಡಗಡೆ ಇರಬೇಕು" ಎಂದರು. ಅತ್ತೆಯ ಮುಖ ನೋಡಿದೆ. ಅವರಿಗೆ ಎಲ್ಲವೂ ಗೊತ್ತಿತ್ತು. "ಶಾಸ್ತ್ರ ಕಣಮ್ಮ, ಒಂದು ಗಳಿಗೆ ಕೂತ್ಕೊ" ಎಂದರು. ನಾನು ಎದ್ದು ಸುತ್ತು ಹಾಕಿ ಎಡಗಡೆಯ ಮಣೆಯ ಮೇಲೆ ಕೂತೆ. ಇವತ್ತಾದರೂ ಅವರ ಕಣ್ಣಿಗೆ ಕಂಡೇನು ಎಂಬ ಆಸೆ ನನಗೆ ಇತ್ತು, ಸುಳ್ಳು ಹೇಳುವುದಿಲ್ಲ. ಧಾರೆಯ ಸೀರೆ ಉಟ್ಟಿದ್ದೆ, ಮುಡಿ ತುಂಬ ಮಲ್ಲಿಗೆ ಇತ್ತು. ಮೊಣಕಾಲಿನಿಂದ ಅವರ ಮೊಣಕಾಲನ್ನು ಮೆಲ್ಲಗೆ ತಿವಿದೆ.

ಅವರು ಬಲಗಡೆಯ ಖಾಲಿ ಮಣೆಯನ್ನು ನೋಡಿದರು. ಆಮೇಲೆ ಅದರಾಚೆಯ ಬಾಗಿಲನ್ನು ನೋಡಿದರು. "ಅಮ್ಮ, ಇವಳೆಲ್ಲಿ ಹೋದ್ಲು? ಆರತಿ ಹೊತ್ತಾಯ್ತು, ಕರೀರಿ ಅವಳನ್ನ" ಎಂದರು.

ಆರತಿ ತಟ್ಟೆ ಹಿಡಿದಿದ್ದ ಹೆಂಗಸರು ನನ್ನ ಮುಖ ನೋಡಿದರು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಲ್ಲಿ ಅತ್ತರೆ ಮದುವೆಮನೆಗೆ ಅಪಶಕುನ.

"ಅಡಿಗೆಮನೇಲಿದ್ದೀನಿ, ಬಂದೆ ಇರಿ" ಎಂದೆ.

"ಬೇಗ ಬಾರೇ, ನೀನಿಲ್ದೆ ನಾನೊಬ್ಬನೇ ಹೆಂಗೆ ಕೂರೋದು?" ಎಂದು ಅವರು ಬಾಗಿಲಿಗೆ ಹೇಳಿದರು.

ಹೆಂಗಸರು ನಮ್ಮಿಬ್ಬರಿಗೂ ಆರತಿ ಎತ್ತಿ ಕುಂಕುಮ ಇಟ್ಟರು. ಹಾಡು ಮುಗಿಯುವವರೆಗೂ ಅವರು ಬಾಗಿಲ ಕಡೆ ನೋಡುತ್ತ ನನಗಾಗಿ ಕಾಯುತ್ತಿದ್ದರು.