ಅರ್ಧ ಅಂಗುಳ, ಪೂರಾ ಸೇಡು

ಸಿದ್ದರಾಮ ದಿನಾ ಬೆಳಿಗ್ಗೆ ತನ್ನ ಅರ್ಧ ಅಂಗುಳವನ್ನು ಸ್ಟೀಲ್ ಲೋಟದಿಂದ ತೆಗೆದು, ಹಳೆಯ ಬ್ರಶ್ಶಿನಿಂದ ತಿಕ್ಕಿ ತೊಳೆದು, ಬಾಯೊಳಗೆ ಒತ್ತಿ ಕೂರಿಸಿಕೊಳ್ಳುತ್ತಿದ್ದ. ಗುಲಾಬಿ ಬಣ್ಣದ ಪ್ಲಾಸ್ಟಿಕ್ ತಟ್ಟೆ, ಅದರ ಅಂಚಿಗೆ ಏಳು ಹಲ್ಲು. ಬೇರೆಯವರು ದೇವರ ಹೆಸರು ಹೇಳಿ ದಿನ ಶುರು ಮಾಡಿದರೆ ಅವನು ಕನ್ನಡಿಯ ಮುಂದೆ ನಿಂತು, "ಸುಭಾಸ, ಕುರ್ಚಿ ಬಿಟ್ಟು ಏಳು," ಅನ್ನುತ್ತಿದ್ದ. ಒಂದಲ್ಲ, ನಲವತ್ತು ಸಲ.

ಸುಭಾಸ ಅವನ ಜೊತೆಯ ಕೆಲಸಗಾರ. ಕುರ್ಚಿ ಎಂದರೆ ಕಿತ್ತೂರಿನ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಯಾರ್ಡಿನಲ್ಲಿ, ತಗಡಿನ ಕೋಣೆಯೊಳಗೆ, ಮೈಕಿನ ಮುಂದಿರುವ ಕುರ್ಚಿ. ಅದರ ಒಂದು ಕಾಲಿಗೆ ಇಟ್ಟಿಗೆಯ ಚೂರು ಕೊಟ್ಟಿದೆ. ಹಂಗಾಮಿನಲ್ಲಿ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಆ ಯಾರ್ಡಿನಲ್ಲಿ ದಿನಗಟ್ಟಲೆ ಸಾಲು ನಿಲ್ಲುತ್ತವೆ. ಡ್ರೈವರುಗಳು ಟ್ರಾಲಿಯ ಕೆಳಗೆ ಅಡುಗೆ ಮಾಡುತ್ತಾರೆ, ಇಸ್ಪೀಟು ಎಲೆ ಆಡುತ್ತಾರೆ, ಜಗಳ ಆಡುತ್ತಾರೆ. ಮೈಕಿನಲ್ಲಿ ಟೋಕನ್ ನಂಬರು ಕೂಗಿದಾಗ ಏಳಬೇಕು. ಕೇಳಿಸದಿದ್ದರೆ ಪಾಳಿ ತಪ್ಪಿತು.

ನಾಲ್ಕು ಹಂಗಾಮು ಆ ಕೂಗು ಸಿದ್ದರಾಮನದಾಗಿತ್ತು. ಕಾರ್ಖಾನೆಯ ಗೇಟಿನ ನಾಯಿಗೆ ವರ್ಷವಿಡೀ ಕೆಲಸ, ಬೈಲಹೊಂಗಲದ ಕಡೆಯಿಂದ ಬರುವ ಈ ದಿನಗೂಲಿಯವನಿಗೆ ಐದೇ ತಿಂಗಳು. ಆದರೂ ಆ ಐದು ತಿಂಗಳು ತಾನು ಮಂತ್ರಿ ಎಂದೇ ಅವನು ತಿಳಿದಿದ್ದ. ನಂಬರಿನ ಹಿಂದೆ ಒಂದು ಚೇಷ್ಟೆ ಸೇರಿಸದೆ ಬಿಡುತ್ತಿರಲಿಲ್ಲ. "ಇನ್ನೂರಾ ಹದಿನಾರ, ಶಟ್ಟೆಪ್ಪ, ರೊಟ್ಟಿ ಆಮ್ಯಾಗ ತಿನ್ನೂವಂತಿ, ಗಾಡಿ ಚಾಲೂ ಮಾಡು." ತೊದಲುವ ಡ್ರೈವರು ಯಾರಾದರೂ ಬಂದರೆ ಅವರಂತೆಯೇ ತೊದಲಿ ಕರೆದದ್ದೂ ಉಂಟು. ಅದನ್ನು ಆಗ ಹಾಸ್ಯ ಎಂದುಕೊಂಡಿದ್ದ.

ಕೊರೊನಾ ಬಂದ ಎರಡನೆಯ ವರ್ಷ, ಜ್ವರ ಬಿಟ್ಟ ಮೇಲೆ, ಅವನಿಗೆ ಮೇಲಿನ ದವಡೆಯ ನೋವು ಹಿಡಿದುಕೊಂಡಿತು. ಪಕ್ಕದ ಕಾಟಾ ಮೇಲೆ ತೂಕ ಬರೆಯುತ್ತಿದ್ದ ಸುಭಾಸ ಮಹಾ ವೈದ್ಯನಂತೆ ಬಾಯಿ ನೋಡಿದ.

"ಹಲ್ಲಬ್ಯಾನಿಗೆ ದವಾಖಾನಿ ಯಾಕೋ? ಮಶೇರಿ ತಿಕ್ಕು, ಕಮ್ಮಿ ಆಗತೈತಿ."

ಮಶೇರಿ ಎಂದರೆ ತಂಬಾಕನ್ನು ಹೆಂಚಿನ ಮೇಲೆ ಹುರಿದು ಮಾಡಿದ ಕರಿ ಪುಡಿ. ಆ ಕಡೆ ಅದರಿಂದ ಹಲ್ಲು ತಿಕ್ಕದ ಮನೆ ಕಡಿಮೆ. ಸಿದ್ದರಾಮ ಹದಿನಾಲ್ಕು ದಿನ ತಿಕ್ಕಿದ. ವಸಡು ಮರಗಟ್ಟಿದ್ದನ್ನು ನೋವು ವಾಸಿಯಾಯಿತು ಎಂದು ತಿಳಿದ. ಅಂಗುಳ ಕಪ್ಪಾಗಿದ್ದನ್ನು ಪುಡಿಯ ಬಣ್ಣ ಎಂದು ತಿಳಿದ. ಬೆಳಗಾವಿಯ ದೊಡ್ಡ ದವಾಖಾನೆ ಮುಟ್ಟುವ ಹೊತ್ತಿಗೆ ಕೊರೊನಾ ಬಿಟ್ಟವರನ್ನು ಹಿಡಿಯುವ ಕಪ್ಪು ಬೂಸ್ಟು ಎಲುಬಿಗೆ ಇಳಿದಿತ್ತು. ಡಾಕ್ಟರು ಅವನ ಮೇಲ್ದವಡೆಯ ಒಂದು ಬದಿಯನ್ನು ಏಳು ಹಲ್ಲುಗಳ ಸಮೇತ ತೆಗೆದರು. ಜೀವ ಉಳಿಯಿತು, ಬಾಯಿಗೂ ಮೂಗಿಗೂ ನಡುವಿನ ಗೋಡೆ ಹೋಯಿತು. ಕುಡಿದ ಚಹಾ ಮೂಗಿನಿಂದ ಇಳಿಯುತ್ತಿತ್ತು. ಸ, ಬ, ಕ, ಟ ಒಂದೂ ಬಾಯಲ್ಲಿ ನಿಲ್ಲದೆ ಗಾಳಿಯಾಗಿ ಮೇಲಕ್ಕೆ ಹೋಗುತ್ತಿದ್ದವು.

ತಾತ್ಕಾಲಿಕ ತಟ್ಟೆಯೊಂದನ್ನು ಹಾಕಿಕೊಂಡು ಅವನು ಮೈಕಿನ ಮುಂದೆ ಕೂತ ಮೊದಲ ದಿನವೇ ಮೂರು ಗಾಡಿಗಳ ಪಾಳಿ ತಪ್ಪಿತು. ಮೇಲ್ವಿಚಾರಕ ಸದಾಶಿವ ಸಾಹೇಬರು ಸುಭಾಸನನ್ನು "ಸದ್ಯಕ್ಕ" ಎಂದು ಕುರ್ಚಿಗೆ ಕೂರಿಸಿದರು. ಸುಭಾಸ ಮೈಕು ಹಿಡಿದವನೇ ಮೂಗು ಒತ್ತಿಕೊಂಡು, "ಇಂಊರಾ ಹಂಇಂಆರ, ಹಿಂಂಹರಾಮ ಕರ್ಯಾಕ ಹತ್ತೇನಿ," ಎಂದ. ಇಡೀ ಯಾರ್ಡು ನಕ್ಕಿತು. ಕೆಟ್ಟದ್ದೇನೆಂದರೆ, ಅನುಕರಣೆ ಚೆನ್ನಾಗಿತ್ತು.

ಸಿದ್ದರಾಮನ ಕೈಗೆ ಕಸಬರಿಗೆ ಬಂತು. ಟ್ರಾಲಿಗಳಿಂದ ಉದುರಿದ ಕಬ್ಬಿನ ರವದಿ ಗುಡಿಸುವ ಕೆಲಸ.

ದವಾಖಾನೆಯಲ್ಲಿ ಡಾಕ್ಟರ್ ಸುಚೇತಾ ಎಂಬವರು ಸಂಶೋಧನೆ ನಡೆಸಿದ್ದರು. ಮೇಲ್ದವಡೆ ತೆಗೆಸಿಕೊಂಡವರು ತಟ್ಟೆ ಹಾಕಿದ ಮೇಲೆ ಎಷ್ಟು ಅಗಿಯುತ್ತಾರೆ, ಎಷ್ಟು ನುಂಗುತ್ತಾರೆ, ಅವರ ಮಾತು ಎಷ್ಟು ತಿಳಿಯುತ್ತದೆ ಎಂದು ಎರಡು ವರ್ಷ ಅಳೆಯುವುದು. ಪ್ರತಿಯೊಬ್ಬರೂ ತಾವು ಸ್ಪಷ್ಟವಾಗಿ ಹೇಳಬೇಕೆಂದಿರುವ ಒಂದು ವಾಕ್ಯ ಆರಿಸಿಕೊಳ್ಳಬೇಕು. ಅದನ್ನು ರೆಕಾರ್ಡ್ ಮಾಡಿ, ಗುರುತಿಲ್ಲದ ಹತ್ತು ಮಂದಿಗೆ ಕೇಳಿಸಿ, ಕೇಳಿದ್ದನ್ನು ಬರೆಸುತ್ತಿದ್ದರು. ಸಿದ್ದರಾಮ ತನ್ನ ವಾಕ್ಯವನ್ನು ಬರೆದುಕೊಟ್ಟ.

ಸುಚೇತಾ ಓದಿ ಕನ್ನಡಕ ಸರಿಮಾಡಿಕೊಂಡರು. "ಒಬ್ರು ಮೊಮ್ಮಗಳ ಹೆಸರು ಕೊಟ್ಟಾರ, ಒಬ್ರು ವಚನ ಕೊಟ್ಟಾರ. ಇದೇನ್ರಿ ಇದು? ಸ, ಭ, ಸ. ನಿಮ್ಮ ಬಾಯಿಗೆ ಎಲ್ಲಾಕಿಂತ ಕಠಿಣ ಹೆಸರು ಹುಡುಕ್ಯಾಡಿ ತಂದೀರಲ್ಲ."

"ಮನುಷ್ಯಾನೂ ಹಂಗ ಅದಾನ್ರಿ," ಎಂದ ಸಿದ್ದರಾಮ. ಅವರಿಗೆ ತಿಳಿಯಲಿಲ್ಲ. ಅವನು ಅದನ್ನೂ ಬರೆದು ತೋರಿಸಬೇಕಾಯಿತು.

ಮೊದಲ ಸಲ ಹತ್ತರಲ್ಲಿ ಒಬ್ಬರಿಗೂ ವಾಕ್ಯ ತಿಳಿಯಲಿಲ್ಲ. ಜೊತೆಗೆ ಇನ್ನೊಂದು ಫಾರ್ಮು ಇತ್ತು, ಅದನ್ನು ಜೊತೆಯ ಕೆಲಸಗಾರ ತುಂಬಬೇಕು. ಅವನು ಬೇರೆ ಯಾರನ್ನಾದರೂ ಕೇಳಬಹುದಿತ್ತು. ಆದರೆ ಸುಭಾಸನಿಗೆ ಎಲ್ಲೋ ಒಂದು ಚೂರು ನಾಚಿಕೆ ಇರಬಹುದೆಂದು ಅವನಿಗೇ ಕೊಟ್ಟ. ಸುಭಾಸ "ಏನೂ ತಿಳಿಯುವುದಿಲ್ಲ" ಎಂಬಲ್ಲಿ ಗುರುತು ಹಾಕಿ, ಅದನ್ನು ಲಕೋಟೆಗೆ ಹಾಕುವ ಮೊದಲು ಸದಾಶಿವ ಸಾಹೇಬರಿಗೆ ತೋರಿಸಿದ. "ಸದ್ಯಕ್ಕ" ಎಂಬ ಮಾತು ಅಂದೇ ಮುಗಿಯಿತು.

ಅಂದಿನಿಂದ ಸಿದ್ದರಾಮನ ಬಾಯಲ್ಲಿ ಬೇರೆ ಮಂತ್ರವಿರಲಿಲ್ಲ. ಹೊಸ ತಟ್ಟೆ ಬಂತು, ಒತ್ತಿದಲ್ಲಿ ಹುಣ್ಣಾಯಿತು, ಅದರ ಅಂಚು ಸವರಿಸಿಕೊಂಡು ಬಂದ. ಮೇಣದಬತ್ತಿಯ ಎದುರು ಸ ಅಂದ, ಬ ಅಂದ. ದನದ ಕೊಟ್ಟಿಗೆಯಲ್ಲಿ ಎಮ್ಮೆಯನ್ನೇ ಸುಭಾಸ ಎಂದು ಭಾವಿಸಿ ಏಳಲು ಹೇಳಿದ. ಎಮ್ಮೆ ಏಳಲಿಲ್ಲ.

"ಎರಡ ವರ್ಷಾತು," ಎಂದಳು ಹೆಂಡತಿ ಅನ್ನಪೂರ್ಣಾ. "ದಿನಾ ನಲವತ್ತ ಸಲ ಅವನ ಹೆಸರ. ನನ್ನ ಹೆಸರ ಒಮ್ಮೆರ ಇಷ್ಟ ಚಂದಂಗಿ ಕರದೀರೇನ?"

"ನಿನ್ನ ಹೆಸರಿನ್ಯಾಗ ಕಷ್ಟದ್ದೇನೈತಿ? ಒಂದ ಪ."

"ಹಂಗಾರ ಆ ಪ ನನಗ ಇಡ್ರಿ," ಎಂದಳು.

ಕೊನೆಯ ಭೇಟಿಗೆ ಮೊದಲಿನ ಭೇಟಿಯಲ್ಲಿ ಹತ್ತು ಮಂದಿಯಲ್ಲಿ ಒಂಬತ್ತು ಮಂದಿ ವಾಕ್ಯವನ್ನು ಸರಿಯಾಗಿ ಬರೆದರು. ಸಿದ್ದರಾಮ ಎಂ.ಕೆ. ಹುಬ್ಬಳ್ಳಿಯ ಬಸ್ಸಿನಲ್ಲಿ ಸೇಡು ತೀರಿಸಿದವನಂತೆ ಎದೆ ಸೆಟೆಸಿ ಕೂತು ಬಂದ. ಕಾರ್ಖಾನೆ ಆಗಷ್ಟೇ ಶುರುವಾಗಿತ್ತು. ಮಾರನೆಯ ದಿನ ಕಸಬರಿಗೆ ಹಿಡಿದೇ ತಗಡಿನ ಕೋಣೆಯ ಬಾಗಿಲಿಗೆ ಹೋದ, ವಾಕ್ಯವನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು.

ಸುಭಾಸ ಕೆನ್ನೆ ಹಿಡಿದು ಕೂತಿದ್ದ. ಅರ್ಧ ಮುಖ ಬಾತಿತ್ತು. ಮೇಜಿನ ಮೇಲೆ ಮಶೇರಿಯ ಡಬ್ಬಿ.

"ಎಂಟ ದಿನಾತೋ ಸಿದ್ದಾ," ಎಂದ. ಆ ದನಿಯಲ್ಲಿ ಚೇಷ್ಟೆಯಿರಲಿಲ್ಲ. ಬಾಯಿ ತೆರೆದು ತೋರಿಸಿದ. "ನಿನಗ ಹಿಂಗ ಆಗಿತ್ತೇನು?"

ಸಿದ್ದರಾಮ ಬಗ್ಗಿ ನೋಡಿದ. ಅವನಿಗೆ ಗುರುತು ಸಿಗದೆ ಇರಲಿಲ್ಲ. ನಾಲಿಗೆಯ ತುದಿಯಲ್ಲಿದ್ದ ವಾಕ್ಯವನ್ನು ನುಂಗಿ, ಒಂದೊಂದೇ ಅಕ್ಷರ ಬಿಡಿಸಿ, ಡಾಕ್ಟರು ಕಲಿಸಿದಷ್ಟು ಸ್ಪಷ್ಟವಾಗಿ ಹೇಳಿದ:

"ಇಲ್ಲಪಾ. ಹಲ್ಲಬ್ಯಾನಿಗೆ ದವಾಖಾನಿ ಯಾಕ? ಮಶೇರಿ ತಿಕ್ಕು, ಕಮ್ಮಿ ಆಗತೈತಿ."

ಅಂದು ಅವನು ರವದಿಯನ್ನು ಕುಣಿಯುತ್ತ ಗುಡಿಸಿದ. ಸಂಜೆ ರೊಟ್ಟಿಯ ಮುಂದೆ ಕೂತು ಅನ್ನಪೂರ್ಣಾಗೆ ಎಲ್ಲವನ್ನೂ ಹೇಳಿದ. ಇನ್ನಾರು ದಿನ ತಿಕ್ಕಲಿ, ಹದಿನಾಲ್ಕು ಪೂರ್ತಿಯಾಗಲಿ, ಆಮೇಲೆ ನೋಡೋಣ ಎಂದ. ಅವಳ ಕೈ ಹಿಟ್ಟಿನ ಮೇಲೆ ನಿಂತಿತು.

"ಅವಂದೂ ದವಡಿ ತಗೀತಾರ," ಎಂದಳು.

"ತಗೀಲಿ."

"ಅವಗೂ ತಟ್ಟಿ ಕೊಡತಾರ. ನಿಮ್ಮ ಡಾಕ್ಟರ್ ಅಕ್ಕಾರು ಅವಗೂ ಒಂದ ಮಾತ ಆರಿಸ್ಕೊ ಅಂತಾರ." ರೊಟ್ಟಿಯನ್ನು ಹೆಂಚಿಗೆ ಹಾಕಿದಳು. "ಅದು ಯಾರ ಹೆಸರ ಇರತೈತಿ ಅಂತ ವಿಚಾರ ಮಾಡ್ರಿ. ಅವರ ಮನ್ಯಾಗ ಅವನ ಹೇಂತಿ ಬಾಯವ್ವ ಎರಡ ವರ್ಷ ದಿನಾ ನಲವತ್ತ ಸಲ ಕೇಳಬೇಕು. ನಾ ಕೇಳೀನಿ, ಸಾಕು. ಆ ಹೆಂಗಸು ನನಗೇನ ಮಾಡ್ಯಾಳ?"

ಸಿದ್ದರಾಮ ಅರ್ಧ ರೊಟ್ಟಿ ಬಿಟ್ಟು ಎದ್ದ. ಬಾಯಿ ಹೋದ ಸುಭಾಸನ ಮುಂದೆ ಸ್ಪಷ್ಟವಾಗಿ ಮಾತಾಡಿ ಗೆದ್ದರೆ ನಗುವವರು ಯಾರು? ಆ ತಟ್ಟೆಯ ನೋವು ಗೊತ್ತಿರುವ ಇನ್ನೊಬ್ಬ ಮನುಷ್ಯ ಆ ಯಾರ್ಡಿನಲ್ಲಿ ಹುಟ್ಟುವುದು, ಅವನೂ ಸುಭಾಸನೇ ಆಗುವುದು, ಅವನಿಗೆ ಸಹಿಸಲಾಗಲಿಲ್ಲ. ಅದನ್ನು ದಯೆ ಎನ್ನಲು ಅವನಿಗೇ ಧೈರ್ಯವಿರಲಿಲ್ಲ.

ಬೆಳಿಗ್ಗೆ ಪಾಳಿ ಶುರುವಾಗುವ ಮೊದಲೇ ಕೋಣೆಗೆ ನುಗ್ಗಿ ಮೈಕು ಕಿತ್ತುಕೊಂಡ. ಇನ್ನೂರು ಟ್ರ್ಯಾಕ್ಟರಿನ ಮೇಲೆ ಅವನ ದನಿ ಹೋಯಿತು.

"ಸುಭಾಸ, ಕುರ್ಚಿ ಬಿಟ್ಟು ಏಳು. ಮಶೇರಿ ಉಗುಳು. ನಿನ್ನೆ ನಾ ಸುಳ್ಳ ಹೇಳೀನಿ. ನನಗೂ ಹಿಂಗ ಆಗಿತ್ತು. ಬೆಳಗಾವಿಗೆ ನಡಿ."

ಎಲೆ ಆಡುತ್ತಿದ್ದವರು ಎದ್ದು ನಿಂತರು. ಸದಾಶಿವ ಸಾಹೇಬರು ಚಹಾದ ಕಪ್ಪಿನೊಂದಿಗೆ ಓಡಿಬಂದರು. ಸುಭಾಸ ಎದ್ದ. ಎದ್ದದ್ದನ್ನು ಸಿದ್ದರಾಮ ಕಣ್ತುಂಬ ನೋಡಿದ.

ಬೆಳಗಾವಿಯಲ್ಲಿ ನೋಡಿದರೆ ಸುಭಾಸನ ಬಾಯಲ್ಲಿದ್ದದ್ದು ಬೂಸ್ಟು ಅಲ್ಲ, ಕೀವು. ಎರಡು ಹಲ್ಲು ಕಿತ್ತು, ಎಲುಬನ್ನು ಸ್ವಲ್ಪ ಕೆರೆದು ಕಳಿಸಿದರು. ಇನ್ನೊಂದು ವಾರ ತಡವಾಗಿದ್ದರೆ ಕಷ್ಟವಿತ್ತು ಎಂದರಂತೆ. ಎರಡೇ ಹಲ್ಲು ಎಂದು ತಿಳಿದು ಸಿದ್ದರಾಮನಿಗೆ ತುಸು ಬೇಸರವೂ ಆಯಿತು.

ಸುಭಾಸ ಮರಳಿ ಬಂದಾಗ, ಮೈಕಿನ ದನಿ ಕೇಳಿದ್ದ ಸದಾಶಿವ ಸಾಹೇಬರು ಕುರ್ಚಿಗೆ ಸಿದ್ದರಾಮನನ್ನು ಕೂರಿಸಿದ್ದರು. ಸುಭಾಸನ ಬಾಯಲ್ಲಿ ಹತ್ತಿಯ ಉಂಡೆ, ಮಾತು ಬರುತ್ತಿರಲಿಲ್ಲ. ಸಿದ್ದರಾಮ ಮೇಜಿನ ಮೇಲೆ ಕೊನೆಯ ಭೇಟಿಯ ಫಾರ್ಮು ಇಟ್ಟ, ಪೆನ್ನಿನ ಟೊಪ್ಪಿಗೆಯನ್ನೂ ತೆಗೆದುಕೊಟ್ಟ.

"ಜೊತಿ ಕೆಲಸದವ್ರು ತುಂಬಬೇಕಂತ. ಬಾಯಿ ಬ್ಯಾಡ, ಕೈ ಸಾಕು."

ಸುಭಾಸ ಫಾರ್ಮನ್ನು ತನ್ನತ್ತ ಎಳೆದುಕೊಂಡ. ಗುರುತು ಹಾಕಿ, ಕೆಳಗೆ ಎರಡು ಸಾಲು ಬರೆದು ಸರಿಸಿದ. ಸಿದ್ದರಾಮ ಅದನ್ನು ಲಕೋಟೆಗೆ ಹಾಕಲಿಲ್ಲ. ಮೈಕಿನ ಗುಂಡಿ ಒತ್ತಿದ.

"ಸುಭಾಸ ಬರದಾನ, ಎಲ್ಲಾರೂ ಕೇಳ್ರಿ: ಇವನ ಮಾತು ಪೂರ್ತಿ ತಿಳಿಯುತ್ತದೆ. ಯಾರ್ಡಿನ ಕೊನೆಯ ಗಾಡಿಗೂ ತಿಳಿಯುತ್ತದೆ."

ನಗು ಎದ್ದಿತು. ಈ ಸಲ ಅದು ಯಾವ ಕಡೆಗೆ ಹೋಗುತ್ತಿದೆ ಎಂದು ಸುಭಾಸನಿಗೂ ಗೊತ್ತಿತ್ತು. ಸಿದ್ದರಾಮ ಅದೇ ಗತ್ತಿನಲ್ಲಿ ಮೊದಲ ನಂಬರು ಕೂಗಲು ಉಸಿರು ಎಳೆದ. ಉಬ್ಬಿದ ಉಸಿರಿಗೆ ತಟ್ಟೆ ಜಾರಿತು, ನಂಬರು ಪೂರ್ತಿ ಮೂಗಿನಿಂದ ಹೋಯಿತು.

"ಏನಂದ್ರಿ?" ದೂರದಿಂದ ಶಟ್ಟೆಪ್ಪ ಕೂಗಿದ.

ಹತ್ತಿ ಕಚ್ಚಿದ್ದ ಸುಭಾಸನ ಭುಜ ಅಲುಗಿತು. ಸಿದ್ದರಾಮ ಅವನನ್ನೇ ದುರುಗುಟ್ಟಿ ನೋಡುತ್ತ, ಹೆಬ್ಬೆರಳಿನಿಂದ ತಟ್ಟೆಯನ್ನು ಒತ್ತಿ ಕೂರಿಸಿ, ನಂಬರನ್ನು ಮತ್ತೆ ಕೂಗಿದ. ಶಟ್ಟೆಪ್ಪನ ಗಾಡಿ ಚಾಲೂ ಆಯಿತು.