ಎರಡು ಚರ್ಚಿನ ಊರು

ಗೋವಾದ ಕಲಂಗುಟ್‌ನಲ್ಲಿ ನಾನು ಕೋಣೆ ಗುಡಿಸಿ ಹಾಸಿಗೆ ಹಾಸುವ ಗೆಸ್ಟ್ ಹೌಸಿಗೆ ಪ್ರತಿ ಚಳಿಗಾಲವೂ ಜರ್ಮನಿಯ ಅಜ್ಜಿಯೊಬ್ಬರು ಬರುತ್ತಾರೆ. ನನ್ನ ರಂಗೋಲಿ ಎಂದರೆ ಅವರಿಗೆ ಪ್ರಾಣ. ಇರಬೇಕಾದದ್ದೇ. ವಿಜಯಪುರದ ಕಡೆಯ ಕೈ ಇದು. ಈ ಬೀದಿಯಲ್ಲಿ ನನಗೆ ಸಾಟಿಯಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತೇನೆ, ಬೇರೆ ಯಾರೂ ಹೇಳುವುದಿಲ್ಲವಲ್ಲ.

ಹೋದ ಚಳಿಗಾಲ ಒಂದು ಬೆಳಿಗ್ಗೆ ಅಜ್ಜಿ ಚಹಾದ ಕಪ್ಪು ಹಿಡಿದು ಅಂಗಳಕ್ಕೆ ಬಂದರು. ಅರ್ಧ ಇಂಗ್ಲಿಷು, ಅರ್ಧ ಕೈಸನ್ನೆ. ಇವತ್ತು ಹೂವು ಬೇಡ, ನನ್ನ ಊರು ಬಿಡಿಸಿಕೊಡು ಎಂದರು. ಮಧ್ಯಾಹ್ನ ಅವರ ಅಣ್ಣ ಬರುವವರಿದ್ದರು. ಆ ಊರು ಈಗ ಇಲ್ಲ. ನೆಲದಡಿ ಕಲ್ಲಿದ್ದಲು ಸಿಕ್ಕಿತೆಂದು ಊರಿಗೆ ಊರನ್ನೇ ಅಗೆದುಹಾಕಿದರಂತೆ. ಮನೆ ಬಿಡುವ ಕಾಗದಕ್ಕೆ ಎಲ್ಲರಿಗಿಂತ ಮೊದಲು ಸಹಿ ಹಾಕಿದವರು ಈ ಅಜ್ಜಿ. ಎಲ್ಲರಿಗಿಂತ ಕೊನೆಗೆ ಜಾಗ ಬಿಟ್ಟು ಎದ್ದವರು ಆ ಅಣ್ಣ. ಅಂದಿನಿಂದ ಅವರು ತಂಗಿಯ ಮುಂದೆ ಊರಿನ ಹೆಸರೆತ್ತಿಲ್ಲ. ಚಳಿ ಹೇಗಿದೆ, ಮೊಣಕಾಲು ಹೇಗಿದೆ, ಅಲ್ಲಿಗೆ ಮಾತು ಮುಗಿಯಿತು.

"ಒಮ್ಮೆ ಅವನು ಊರಿನ ಬಗ್ಗೆ ಮಾತಾಡಲಿ. ಬೈದರೂ ಸರಿ," ಎಂದರು ಅಜ್ಜಿ.

ಹಿತ್ತಲಲ್ಲಿ ಚಾದರ ಒಗೆಯುತ್ತಿದ್ದ ಅವ್ವ ವಿಷಯ ಕೇಳಿ ಕೈ ಒರೆಸಿಕೊಂಡು ಬಂದಳು. ಇಲ್ಲಿಗೆ ಬರುವ ಮೊದಲು ಬಾಯ್ನಾದ ಕಡಲತೀರದಲ್ಲಿದ್ದ ನಮ್ಮ ಮನೆಯೂ ಬುಲ್ಡೋಜರಿನ ಬಾಯಿಗೆ ಹೋದದ್ದೇ.

"ಬಿಡಸವಾ, ಲಗೂನ ಬಿಡಸ. ಹಾಸಗಿ ನಾ ಹಾಕ್ತೇನಿ," ಎಂದಳು.

ಅಜ್ಜಿ ಹೇಳುತ್ತ ಹೋದರು, ನಾನು ಅಂಗಳದ ತುಂಬ ಎಳೆಯುತ್ತ ಹೋದೆ. ಇಡೀ ಊರಿಗೆ ಉದ್ದನೆಯ ಒಂದೇ ಬೀದಿ. ಮೇಲಿನ ತುದಿಗೆ ಚರ್ಚು, ಅದರ ಸುತ್ತ ಗೋರಿಗಳು. ಹಳೆಯ ಕಾಲದ ಯಾವುದೋ ಯುದ್ಧದಲ್ಲಿ ಆ ಚರ್ಚು ಸುಟ್ಟುಹೋಗಿ, ಊರವರೇ ಕಲ್ಲು ಹೊತ್ತು ಮತ್ತೆ ಕಟ್ಟಿದ್ದಂತೆ. ನಡುವೆ ಕುದುರೆಗಳು ನೀರು ಕುಡಿಯುವ ಹೊಂಡ, ಪಕ್ಕದಲ್ಲಿ ಊರಿಗೆಲ್ಲ ಒಂದೇ ಬ್ರೆಡ್ ಒಲೆ. ಮನೆಗಳು ಬೀದಿಗೆ ತಮ್ಮ ಕಿರಿದಾದ ಮಗ್ಗುಲನ್ನಷ್ಟೇ ತೋರಿಸಿ ನಿಂತಿವೆ. ಹಿಂದೆ ಅಂಗಳ, ಅದರ ಹಿಂದೆ ಹುಲ್ಲು-ಕಾಳು ತುಂಬುವ ದೊಡ್ಡ ಕೊಟ್ಟಿಗೆ, ಅದರ ಹಿಂದೆ ಸೇಬಿನ ಗಿಡಗಳು, ಆಮೇಲೆ ಹೊಲ. ನನಗಂತೂ ಹುಚ್ಚು ಹುರುಪು. ಸೊಂಟ ನೋಯುವುದೂ ಗೊತ್ತಾಗಲಿಲ್ಲ.

ಎದ್ದು ನಿಂತು ನೋಡಿದೆ. ಅಯ್ಯೋ ದೇವರೇ! ಚುಕ್ಕಿ ಇಟ್ಟು ಕಲಿತ ಕೈ ನನ್ನದು. ಈ ಕಡೆ ಒಂದು ಎಳೆದರೆ ಆ ಕಡೆಯೂ ಒಂದು ಎಳೆಯದೆ ಸುಮ್ಮನಿರುವುದಿಲ್ಲ. ಮೇಲೊಂದು ಚರ್ಚು, ಕೆಳಗೊಂದು ಚರ್ಚು. ಎರಡು ಹೊಂಡ, ಎರಡು ಒಲೆ. ಅಣ್ಣ ತಂಗಿ ಹುಟ್ಟಿ ಬೆಳೆದ ಮನೆಯೂ ಬೀದಿಯ ಆಚೆ ಒಂದು, ಈಚೆ ಒಂದು.

"ಚರ್ಚು ಒಂದೇ! ಒಂದೇ!" ಎಂದು ಅಜ್ಜಿ ಬೆರಳೆತ್ತಿ ಕೂಗಿದರು. ಕೂಗುತ್ತ ಕೂಗುತ್ತಲೇ ನಗು ತಡೆಯಲಾರದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟರು.

"ಇರ್ಲಿ ಬಿಡ್ರಿ ಅಮ್ಮಾರ, ನಮ್ಮೂರಾಗ ಮೂರು ಗುಡಿ ಅದಾವು," ಎಂದು ಅವ್ವ ಕನ್ನಡದಲ್ಲೇ ಸಮಾಧಾನ ಹೇಳಿದಳು. ಅಜ್ಜಿ ಎಲ್ಲ ತಿಳಿದವರಂತೆ ತಲೆಯಾಡಿಸಿದರು.

ಒದ್ದೆ ಬಟ್ಟೆ ತಂದು ಒರೆಸತೊಡಗಿದೆ. ಕೆಳಗಿನ ಚರ್ಚು ಹೋಯಿತು, ಹೆಚ್ಚಿನ ಹೊಂಡ ಹೋಯಿತು, ಒಲೆಯೂ ಹೋಯಿತು. ಇನ್ನೇನು ಹೆಚ್ಚಿನ ಮನೆಗೆ ಬಟ್ಟೆ ಹಚ್ಚಬೇಕು, ಅಷ್ಟರಲ್ಲಿ ಗೇಟಿನಲ್ಲಿ ಟ್ಯಾಕ್ಸಿಯ ಹಾರ್ನ್.

ಅಣ್ಣ ಇಳಿದರು. ಎತ್ತರದ ಮುದುಕ. ಚೀಲ ಕೈಯಲ್ಲೇ ಇತ್ತು, ನೆಲ ನೋಡುತ್ತ ನಿಂತರು. ಅಜ್ಜಿಯ ನಗು ಇಂಗಿಹೋಯಿತು. ಆತ ಚೀಲ ಇಳಿಸಿ, ಬೂಟು ಕಳಚಿ, ಚರ್ಚಿನ ಕಡೆಯಿಂದ ಬೀದಿ ಹಿಡಿದು ನಿಧಾನವಾಗಿ ನಡೆದು ಬಂದು ಎರಡು ಮನೆಗಳ ನಡುವೆ ನಿಂತರು. ಬೆರಳು ಮಾಡಿ ಏನೋ ಕೇಳಿದರು. ಅಜ್ಜಿ ನನ್ನ ಕಡೆ ಕೈ ತೋರಿಸಿದರು. ತಪ್ಪೆಲ್ಲ ನನ್ನ ತಲೆಗೆ ಕಟ್ಟಿದರೆಂದು ಭಾಷೆ ಬಾರದಿದ್ದರೂ ಗೊತ್ತಾಯಿತು.

ಆತ ಒಮ್ಮೆಲೇ ಹೋ ಎಂದು ನಕ್ಕರು. ಗೋಡೆಯ ಮೇಲಿನ ಕಾಗೆ ಹಾರಿಹೋಯಿತು. ಆಮೇಲೆ ನನಗೂ ತಿಳಿಯಲೆಂದು ಇಂಗ್ಲಿಷಿನಲ್ಲಿ ಹೇಳಿದರು: "ಮೊದಲೇ ಎರಡು ಮನೆ ಇರಬೇಕಿತ್ತು. ಸಹಿ ಹಾಕುವವಳಿಗೆ ಒಂದು, ಹಾಕದವನಿಗೆ ಒಂದು."

ಅಲ್ಲಿಂದ ಬಾಯಿ ನಿಲ್ಲಲೇ ಇಲ್ಲ. ಹೊಂಡ ಇದ್ದದ್ದು ಇಲ್ಲಿ ಅಲ್ಲ, ಅಲ್ಲಿ, ಒಲೆಯ ಬಾಯಿ ಆ ಕಡೆ ಎಂದು ಕೈ ಬೀಸಿ ಬೀಸಿ ತಂಗಿಗೆ ಹೇಳುತ್ತಿದ್ದರು. ಅಜ್ಜಿ ಕಣ್ಣೀರು ಸುರಿಸುತ್ತಲೇ ಎದುರು ವಾದಿಸುತ್ತಿದ್ದರು.

"ಬೈಯಾಕತ್ತಾರೇನ?" ಎಂದು ಅವ್ವ ಪಿಸುಗುಟ್ಟಿದಳು.

"ಭಾಳ ಬೈಯಾಕತ್ತಾರ."

"ಚಲೋ ಆತು."

ಕೊನೆಗೆ ಅಣ್ಣ ಒಂದು ಮನೆಯೊಳಗೆ ಹೋಗಿ ನಿಂತು, ತಂಗಿಯನ್ನು ಎದುರಿನ ಮನೆಗೆ ಕಳಿಸಿದರು. ಬೀದಿಯಾಚೆಗೆ ಕೇಳುವಂತೆ ಏನೋ ಕೂಗಿದರು. ಕಾಫಿ ಆಯಿತೇನು ಎಂದು ಕೇಳಿದ್ದಂತೆ, ಅಜ್ಜಿ ಆಮೇಲೆ ಹೇಳಿದರು. ಆಗಿದೆ, ಬಾ ಎಂದು ಇವರು ಉತ್ತರ ಕೊಟ್ಟರು. ಆತ ಬೀದಿ ದಾಟಿ ಬಂದರು. ನೆಲದ ಮೇಲೆ ಎರಡು ಬಿಳಿ ಗೆರೆಯಷ್ಟೇ ಇದ್ದ ಆ ಬಾಗಿಲಲ್ಲಿ, ಹಣೆ ತಾಗದಂತೆ ತಲೆ ಬಗ್ಗಿಸಿ, ತಂಗಿಯ ಮನೆಯೊಳಗೆ ಹೋದರು.